ಹನ್ನೆರಡು ಲೈನಿನ ಮರದಚ್ಚು

ಆದವಾನಿಯ ಹತ್ತಿ ಮಾರ್ಕೆಟ್ಟಿನ ಹಿಂದೆ
ಬಡೇಸಾಬರ ಪ್ರೆಸ್ಸಿನಲ್ಲಿ
ಸೀಸದ ಮೊಳೆಗಳಿಗೆ ಒಂದು ಬೀರು,
ಮರದವಕ್ಕೆ ಇಡೀ ಗೋಡೆ.
ನನ್ನ ಅಂಗೈಗಿಂತ ಅಗಲ ಒಂದೊಂದು ಅಕ್ಷರ,
ಬೆನ್ನು ನೆಟ್ಟಗೆ, ಪಾದ ಚಪ್ಪಟೆ,
ಅಂಡಿಗೆ ಹೊರುವ ಹಮಾಲನ ನಿಲುವು.
ತಲೆಕಟ್ಟೋ, ಹಲಗೆ;
ಬೆಕ್ಕು ಮಲಗಬಹುದು ಅದರ ಮೇಲೆ.

ಇವುಗಳ ಕೈಯಲ್ಲಿ ಗುಟ್ಟು ಕೊಡಬೇಡ,
ಎಂದಿದ್ದರು ಮೊದಲ ದಿನ.
ಪಿಸುಮಾತು ಕಲಿತಿಲ್ಲ ಇವು.
ಲಗ್ನಪತ್ರಿಕೆಗೆ ಇಟ್ಟರೆ ಮದುಮಗಳು ಬೆದರುತ್ತಾಳೆ,
ಪದ್ಯಕ್ಕೆ ಇಟ್ಟರೆ
ಎರಡು ಸಾಲಿಗೆ ಹಾಳೆ ಮುಗಿಯುತ್ತದೆ.

ಮತ್ತೆ ಯಾತಕ್ಕೆ?

ಹರಾಜಿಗೆ. ಕುಸ್ತಿಗೆ. ಸರ್ಕಸ್ಸಿನ ಕೊನೇ ಮೂರು ದಿನಕ್ಕೆ
(ಆ ಮೂರು ದಿನ ಹದಿನೈದು ದಿನ ನಡೆಯುತ್ತಿತ್ತು).
ಓಡುವ ಬಸ್ಸಿನ ಕಿಟಕಿಯಿಂದ ಓದುವವನಿಗೆ,
ಓದಲು ಬರದೆಯೂ
ಊರಲ್ಲಿ ಏನೋ ಆಗಿದೆ ಎಂದು ನಿಂತುಬಿಡುವವನಿಗೆ.

ತೆಲುಗಿಗೆ ಎರಡು ಸೆಟ್ಟು, ಕನ್ನಡಕ್ಕೆ ಅರ್ಧ.
ಜ, ಬ, ಲ, ಣ ಎರಡು ಮನೆಯಲ್ಲಿ ಉಂಡವು,
ಯಾವ ಖಾನೆಗೆ ಹಾಕಿದರೂ ತಕರಾರಿಲ್ಲ.
ನಮ್ಮ 'ಗ'ಕ್ಕೆ ಮಾತ್ರ ಹಲಗೆಯೇ ಬೇಕು;
ಅವರದಕ್ಕೆ ಹುಬ್ಬು ಹಾರಿಸಿದಂಥ ಒಂದು ಟಿಕ್ಕು.
ಕೊರತೆ ಬಿದ್ದಾಗ ಕಾಳಾಚಾರಿ ಬಂದು
ಹುಬ್ಬು ಹೆರೆದು, ತೇಗದ ಚಕ್ಕೆ ಅಂಟಿಸಿ
ತಗೋ, ಕನ್ನಡ ಆಯ್ತು, ಅನ್ನುತ್ತಿದ್ದ
ತೆಲುಗಿನಲ್ಲಿ.

ಒಂದು ಮಧ್ಯಾಹ್ನ ಜಿನ್ನಿಂಗ್ ಮಿಲ್ಲಿನ ಹಂಪಮ್ಮ ಬಂದಳು,
ಕೂದಲ ತುಂಬ ಅರಳೆ.
ಕಚೇರಿಯ ಪಟ್ಟಿಯಲ್ಲಿ ಅವಳು ತೀರಿಕೊಂಡು ಎಂಟು ತಿಂಗಳು.
ಪಿಂಚಣಿ ನಿಂತಿದೆ,
ಮೈದುನ ಅವಳ ಮನೆಗೆ ಸುಣ್ಣ ಹೊಡೆಸುತ್ತಿದ್ದಾನೆ.
ತೆಲುಗಿನಲ್ಲಿ ಆರು ಅರ್ಜಿ ಕೊಟ್ಟಾಯ್ತಪ್ಪ,
ಇದು ಓಣಿಗೆ, ಎಂದಳು.
ಎಲ್ಲಕ್ಕಿಂತ ದೊಡ್ಡವು ಯಾವುವು?
ತೋರಿಸಿದೆ.
ಒಂದನ್ನು ಎತ್ತಿ ತೂಗಿ ನೋಡಿದಳು
ಬದನೆಕಾಯಿ ಆರಿಸುವ ಹಾಗೆ.

ಹಂಪಮ್ಮ
ಸತ್ತಿಲ್ಲ

ಅಷ್ಟೇ. ಐವತ್ತು ಪ್ರತಿ, ಹಳದಿ ಹಾಳೆ.
ಸೊನ್ನೆ, ಸರ್ಕಸ್ಸಿನ ಟಿಕೇಟು ದರದಿಂದ ಕಿತ್ತದ್ದು.
'ಪ' ಕಾಳಾಚಾರಿಯದು.
ಒತ್ತುಗಳು ಪಕ್ಕದ ಖಾನೆಯಿಂದ ಕೈಗಡ,
ಕಾಗದಕ್ಕೆ ಗೊತ್ತೇ ಆಗಲಿಲ್ಲ.
ಆ ಅಳತೆಯ ಪೂರ್ಣವಿರಾಮ ಹುಡುಕುತ್ತಿದ್ದೆ;
ಬಡೇಸಾಬರು ಕಣ್ಣೆತ್ತದೆ
ಅವಳಿಗೆ ಈಗಲೇ ಯಾಕೆ ಅದು, ಎಂದರು.

ದುಡ್ಡು ತಗೊಳ್ಳಲಿಲ್ಲ ಅಂತ ಬರೆಯಬೇಕೆನಿಸುತ್ತದೆ.
ತಗೊಂಡರು. ಮಸಿ ಬಹಳ ಕುಡಿಯುತ್ತವೆ ಇವು.

ರಾತ್ರಿ ನಾನೂ ಅವಳೂ ಮೈದಾ ಅಂಟು ಹಿಡಿದು
ಮೈದುನನ ಹೊಸ ಸುಣ್ಣದ ಮೇಲಿಂದಲೇ ಶುರು ಮಾಡಿದೆವು.

ಬೆಳಿಗ್ಗೆ ಮೇಕೆಗಳು ಹಿಂಗಾಲಲ್ಲಿ ನಿಂತು
ಅಂಟಿನ ರುಚಿಗೆ ಕೆಳಗಿನ ಸಾಲು ಪೂರಾ ತಿಂದಿದ್ದವು.
ಓಣಿಯುದ್ದಕ್ಕೂ ಬರೀ ಹೆಸರು,
ಹಲಗೆಯ ತಲೆ, ಕಲ್ಲಿನ ಪಾದ, ಕಪ್ಪು.

ಚಾದಂಗಡಿಯಲ್ಲಿ ಯಾರೋ ಕೇಳುತ್ತಿದ್ದರು:
ಯಾವ ಪಾರ್ಟಿಯಿಂದ ನಿಂತಿದ್ದಾಳೆ?