ಬೆಂಚಿನ ಕೊನೆ

ಪೆನೀಶ್ ಬಂದರಿನ ಹಿಂದೆ ನಮ್ಮ ಕಾರ್ಖಾನೆ.
ಬೂತಾಯಿ, ಡಬ್ಬಿ, ಆಲಿವ್ ಎಣ್ಣೆ, ಆವಿ.
ಗೋಡೆಯಲ್ಲೊಂದು ದೂರು ಪೆಟ್ಟಿಗೆ ಇತ್ತು,
ಕೀಲಿ ಮೇಸ್ತ್ರಿ ವಲ್ದೆಮಾರನ ಜೇಬಲ್ಲಿ,
ನೆತ್ತಿಗೆ ಸರಿಯಾಗಿ ಕ್ಯಾಮೆರಾ.
ಹನ್ನೊಂದು ವರ್ಷಕ್ಕೆ ಅದರೊಳಗೆ ಬಿದ್ದದ್ದು
ಪೆಪ್ಪರ್ಮೆಂಟಿನ ಕಾಗದ, ಒಂದು ಮದುವೆಯ ಕರೆಯೋಲೆ.

ಇಸೌರಾ ಮಾತ್ರ ಪೆಟ್ಟಿಗೆಯ ಗೊಡವೆಗೆ ಹೋಗದೆ
ಬಾಯಲ್ಲೇ ಹೇಳಿದಳು:
ವಾಪಸು ಬಂದ ಡಬ್ಬಿಗಳ ತಾರೀಖು ಉಜ್ಜಿ
ಹೊಸದು ಒತ್ತುತ್ತಾರೆ, ರಾತ್ರಿ ಪಾಳಿಯಲ್ಲಿ.
ಅವಳನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ.
ಮಂಜುಗಡ್ಡೆಯ ಕೋಣೆಗೆ ಹಾಕಿದರು, ಅಷ್ಟೆ.
ಊಟದ ಬೆಂಚಿನ ಕೊನೆಗೆ, ಅವಳ ಪಕ್ಕ,
ಒಂದಾಳಿನ ಜಾಗ ತಾನಾಗಿ ಖಾಲಿಯಾಯಿತು.
ತಾನಾಗಿ ಅಂದೆನೆ? ಅಲ್ಲ.
ತಟ್ಟೆ ಎತ್ತಿಕೊಂಡು ಸರಿದವಳು ನಾನು.
ಮನೆಯ ಸಾಲ, ಮಗನ ಹಲ್ಲಿಗೆ ತಂತಿ,
ಕಾರಣಗಳಿಗೇನು ಬರ?
ಚಳಿಗಾಲ ಮುಗಿಯುವ ಮೊದಲೇ ಬಿಟ್ಟುಹೋದಳು
ಬೆರಳು ಊದಿಸಿಕೊಂಡು.

ಕಳೆದ ವರ್ಷ ಹೊಸ ಮ್ಯಾನೇಜರು, ಎರ್ಮೀನಿಯಾ.
ಭಾಷಣ ಮಾಡುತ್ತಾಳೆಂದು ಕೈ ಒರೆಸಿ ನಿಂತೆವು.
"ಮಂಗಳವಾರ ಆವಿಯ ಮೀಟರು ಓದಿದ್ದು ತಪ್ಪು.
ಓದಿದವಳು ನಾನು.
ನಾನೂರು ಡಬ್ಬಿ ಬಿಸಾಡಬೇಕು."
ಅಷ್ಟೇ ಅಂದಳು. ನಾವು ವಲ್ದೆಮಾರನ ಮುಖ ನೋಡಿದೆವು,
ಅವನು ತನ್ನ ಬೂಟು ನೋಡಿಕೊಂಡ.
ಕಿಟಕಿಯಲ್ಲಿ ಬಂದರಿನ ಬೆಕ್ಕೂ ತೆಪ್ಪಗಿತ್ತು.

ನಂಬಲಿಲ್ಲ ನಾವು.
ಎರೆ ದಪ್ಪವಿದ್ದರೆ ಗಾಳವೂ ದೊಡ್ಡದೇ.
ಬಾಯಿ ತಡೆಯದ ದೆಯೊಲಿಂದಾ, ಮರುವಾರ,
ಮೂರನೇ ಯಂತ್ರದಲ್ಲಿ ಮುಚ್ಚಳ ಸರಿ ಕೂರುತ್ತಿಲ್ಲ ಅಂದುಬಿಟ್ಟಳು.
ಯಂತ್ರ ನಿಂತಿತು. ಕೂಲಿ ನಿಲ್ಲಲಿಲ್ಲ.
ಮಧ್ಯಾಹ್ನ ಅವಳ ಪಕ್ಕವೇ ಬಂದು ಕೂತು ಎರ್ಮೀನಿಯಾ
ಅವಳ ಬುತ್ತಿಯಿಂದ ಆಲಿವ್ ಕಾಯಿ ಕದ್ದು ತಿಂದಳು.

ಅದನ್ನು ನೋಡಿದ ಮೇಲೆ ನನ್ನ ಗಂಟಲಲ್ಲಿ
ನಾಲ್ಕು ವರ್ಷದ ಮೀನುಮುಳ್ಳು ಅಲ್ಲಾಡಿತು.
ಹೇಳಿದೆ. ತಾರೀಖು, ರಾತ್ರಿ, ಸ್ಪಿರಿಟ್ಟಿನ ವಾಸನೆ,
ಒತ್ತಿದ ಕೈಗಳಲ್ಲಿ ನನ್ನವೂ ಎರಡು.

"ಇದನ್ನು ಮೊದಲು ಯಾರಾದರೂ ಹೇಳಿದ್ದರೆ?"
ಬರೆದುಕೊಳ್ಳುತ್ತ ಕೇಳಿದಳು.
ಇಸೌರಾ, ಅಂದೆ. ವಿಳಾಸ? ಗೊತ್ತಿತ್ತು.
ನಮ್ಮ ಬೀದಿಯಿಂದ ಎರಡೇ ತಿರುವು.

ಭಾನುವಾರ ಹೋದೆ. ಬಾಗಿಲು ತೆರೆದಳು,
ಒಳಗೆ ಕರೆಯಲಿಲ್ಲ, ಮುಚ್ಚಲೂ ಇಲ್ಲ.
ಹೇಳಲು ಹೋದದ್ದು ಬೇರೆ, ಬಾಯಿಗೆ ಬಂದದ್ದು:
"ಆ ಪೆಟ್ಟಿಗೆ ಕಿತ್ತುಹಾಕಿದರು.
ಗೋಡೆಯಲ್ಲಿ ನಾಲ್ಕು ತೂತು ಉಳಿದಿವೆ."
ಅವಳು ತನ್ನ ಬೆರಳುಗಳನ್ನು ಬಗ್ಗಿಸಿ ನೋಡಿಕೊಂಡಳು.
ಒಂದು ಇನ್ನೂ ಪೂರ್ತಿ ಮಡಚುವುದಿಲ್ಲ.