ಅಂಟು ಹಚ್ಚಬಾರದಲ್ಲಿ

ಹಲ್ ಪಟ್ಟಣದ ಹೋಲ್ಡರ್ನೆಸ್ ರಸ್ತೆಯ
ಹಳೆ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಪೌಂಡಿಗೆ ಸಿಕ್ಕಿತು ಈ ಪೆಟ್ಟಿಗೆ.
ಮುಚ್ಚಳದ ಮೇಲೆ ಇರುಳು, ಸರ್ಚ್‌ಲೈಟಿನ ಎರಡು ಕೋಲು,
ಹೆಲ್ಮೆಟ್ ತೊಟ್ಟ ಏಳು ಗಂಡಸರು,
ನಡುವೆ ಆಕಾಶಕ್ಕೆ ಕತ್ತೆತ್ತಿದ ತೋಪು.
‘ಯಾರೋ ಶುರು ಮಾಡಿಬಿಟ್ಟಿದ್ದಾರೆ, ನೋಡಿಕೊಳ್ಳಿ’
ಅಂದಳು ಗಲ್ಲಾದ ಹುಡುಗಿ.
ನಿಜ. ಚಕ್ರಗಳನ್ನಷ್ಟೇ ಕೂಡಿಸಿ ಎದ್ದುಹೋಗಿದ್ದ ಯಾರೋ.
ಎಡಗಾಲಿಯ ಮೇಲೆ, ಅಂಟು ಹಸಿಯಿದ್ದಾಗ ಒತ್ತಿದ
ಅವನ ಹೆಬ್ಬೆಟ್ಟು.
ಉಜ್ಜುಕಾಗದ ಹಿಡಿದು ಕೂತವಳು
ಅದೊಂದನ್ನು ಬಿಟ್ಟೆ.

ನನಗೆ ಎಪ್ಪತ್ತಮೂರು. ಚಿಮಟದ ತುದಿ ನಡುಗುತ್ತದೆ.
ಮೂವತ್ತೊಂದನೆಯ ಭಾಗ, ಸಾಸಿವೆಯಷ್ಟು ಹಿಡಿಕೆ,
ಪುಟಿದು ಕಾರ್ಪೆಟ್ಟಿಗೆ ಬಿತ್ತು.
ಮಂಡಿಯೂರಿ ಹುಡುಕಿದೆ, ಟಾರ್ಚು ಹಿಡಿದು ಹುಡುಕಿದೆ,
ಸಿಕ್ಕಿದ್ದು ಒಂದು ಗುಂಡಿ, ಒಂದು ಬಿಸ್ಕತ್ತಿನ ಚೂರು.
ಕೊನೆಗೆ ಮೇಣದಬತ್ತಿಯ ಮೇಲೆ ಪ್ಲಾಸ್ಟಿಕ್ ಕಡ್ಡಿ ಕಾಯಿಸಿ
ಕೂದಲಿನಷ್ಟು ಎಳೆ ಎಳೆದು
ಹೊಸ ಹಿಡಿಕೆ ನಾನೇ ಮಾಡಿದೆ.
ನಳಿಗೆಯದು ಎರಡು ಹೋಳು, ಕಡಲೆಕಾಯಿಯ ಹಾಗೆ.
ಕೂಡಿದ ಗೆರೆ ಕಾಣಬಾರದು.
ಮೂರು ಸಂಜೆ ಉಜ್ಜಿದೆ. ಕಾಣುತ್ತದೆ.

ಆಮೇಲೆ ಅಮ್ಮನ ವಿಚಾರ.
ಅಮ್ಮ, ಎನಿಡ್, ಹತ್ತೊಂಬತ್ತರ ವಯಸ್ಸು,
ಹಂಬರ್ ದಂಡೆಯಲ್ಲಿ ಇಂಥದೇ ಒಂದು ತೋಪಿನ ಪಕ್ಕ
ಲೆಕ್ಕದ ಯಂತ್ರದ ಮುಂದೆ ನಿಂತು ತಿರುಗುಣಿ ತಿರುವಿದವಳು.
ಎತ್ತರ, ವೇಗ, ಗಾಳಿ.
ವಿಮಾನ ಇರುವ ಕಡೆಗಲ್ಲ,
ಗುಂಡು ಮೇಲೇರುವ ಹೊತ್ತಿಗೆ ಅದು ಇರಲಿರುವ ಕಡೆಗೆ.
ಗುರಿಯನ್ನು ಹುಡುಗಿಯರು ಹೇಳಬಹುದಿತ್ತು.
ಗುಂಡು ಹಾರಿಸುವುದು ಗಂಡಸರು; ಹಾಗಂತ ಕಾನೂನು.
‘ಪಾಪ ಅವರಿಗೆ, ಚಹಾ ನಮಗೆ’
ಅನ್ನುತ್ತಿದ್ದಳು ಅಮ್ಮ ಆಲೂಗಡ್ಡೆ ಸುಲಿಯುತ್ತ.
ನಕ್ಕಳೋ ಇಲ್ಲವೋ, ನೆನಪಿಲ್ಲ.
ಅವಳ ಬಲಗಿವಿ ಸತ್ತಿತ್ತು.
ನಾವು ಮಕ್ಕಳು ಜಗಳವನ್ನೆಲ್ಲ
ಆ ಪಕ್ಕದಲ್ಲೇ ಆಡಿಕೊಳ್ಳುತ್ತಿದ್ದೆವು.

ಅಪ್ಪ ಬೀದಿಯ ತಿರುವಿಗೆ ಬರುವ ಮೊದಲೇ
ಒಲೆಯ ಮೇಲೆ ಕೆಟಲು.
ಬಸ್ಸು ಕಾಣುವ ಮೊದಲೇ ಎತ್ತಿದ ಕೈ.
ಅಗೋ ಹಕ್ಕಿ ಅಂದರೆ
ಹಕ್ಕಿಯಿಲ್ಲದ ಕಡೆ ನೋಡುವಳು.
ಹಕ್ಕಿ ಅಲ್ಲಿಗೇ ಬರುತ್ತಿತ್ತು.

ಪೆಟ್ಟಿಗೆಯಲ್ಲಿ ಅವಳಿಲ್ಲ. ಏಳೂ ಗಂಡಸರೇ.
ಆರನೆಯವನನ್ನು ಆರಿಸಿಕೊಂಡೆ: ಮೀಸೆ ಕೆರೆದೆ,
ಭುಜ ಅರೆದೆ, ಹೆಲ್ಮೆಟ್ಟಿನ ಅಂಚಿಗೆ
ಪುಟ್ಟಿಯ ಎರಡು ಸುರುಳಿ ಕೂದಲು.
ಪ್ಯಾಂಟು ಇರಲಿ, ಅವರಿಗೂ ಅದನ್ನೇ ಕೊಟ್ಟಿದ್ದರಂತೆ.
ಕೈಗಳು ಮಾತ್ರ ಗುಂಡು ಹೊರುವ ಕೈಗಳು,
ಮುಂದಕ್ಕೆ ಚಾಚಿದವು.
ಮೊಣಕೈಯಲ್ಲಿ ಕತ್ತರಿಸಿ, ಮಡಿಸಿ, ಮತ್ತೆ ಅಂಟಿಸಿದೆ.
ಮುಂದಿಡಲು ಒಂದು ಲೆಕ್ಕದ ಯಂತ್ರ: ಅರ್ಧ ಬೆಂಕಿಪೊಟ್ಟಣ, ಹಸಿರು ಬಣ್ಣ.
ಮೂವತ್ತೈದರಲ್ಲಿ ಒಂದು ಪಾಲು ಅಮ್ಮ
ನನ್ನ ಹೆಬ್ಬೆರಳಿಗಿಂತ ಗಿಡ್ಡ.
ಅಂದಿನ ಚಳಿಯನ್ನು ಮೂವತ್ತೈದರಿಂದ ಭಾಗಿಸಿದರೆ ಎಷ್ಟು,
ಕಿವಿ ಒಡೆದ ಸದ್ದನ್ನು ಭಾಗಿಸಿದರೆ ಎಷ್ಟು,
ಕಾಗದದಲ್ಲಿ ಬರೆದಿಲ್ಲ.

ಬರೆದಿರುವುದು ಇಷ್ಟು, ಹದಿನಾಲ್ಕನೆಯ ಹಂತದಲ್ಲಿ:
ಇಲ್ಲಿ ಅಂಟು ಹಚ್ಚಬಾರದು. ತಿರುಗಬೇಕು.
ಹಚ್ಚಲಿಲ್ಲ. ತಿರುಗುತ್ತದೆ. ಆದರೆ ಕೀಲು ಸಡಿಲ:
ಬಂದರಿನ ಲಾರಿಗಳು ರಾತ್ರಿಯಿಡೀ ಹಾದು
ಕಪಾಟು ಅದುರಿ ಅದುರಿ
ಬೆಳಗಾಗುವಷ್ಟರಲ್ಲಿ ನಳಿಗೆ ತಲೆ ತಗ್ಗಿಸಿ
ಎದುರುಮನೆಯ ಹಾಲಿನ ಬಾಟಲಿಗೆ ಗುರಿಯಿಟ್ಟಿರುತ್ತದೆ.
ಬೆರಳ ತುದಿಯಿಂದ ಎತ್ತಿ ನಿಲ್ಲಿಸುತ್ತೇನೆ.
ಆರು ಗಂಡಸರು ನಳಿಗೆಯ ಕಡೆ ನೋಡುತ್ತಾರೆ.

ಅಮ್ಮನ ಕತ್ತು ಅಂಟುವಾಗ ಕೊಂಚ ವಾಲಿತು.
ಅವಳು ನೋಡುತ್ತಿರುವುದು ಸೂರಿನ ಮೂಲೆ, ಪರದೆಯ ಮೇಲೆ.
ಅಲ್ಲಿ ಇನ್ನೂ ಏನೂ ಇಲ್ಲ.