ಬೆಕ್ಕು ಸೀನಲಿಲ್ಲ

ಆಯಿತವಾರ ರಾತ್ರಿ ಒಂಬತ್ತಕ್ಕ
ಹಾತಲಗೇರಿ ನಾಕಾದಿಂದ ಬೆಟಗೇರಿ ತನಕ
ಎಲ್ಲಾರ ಕಿಟಕ್ಯಾಗೂ ಅದ ನೀಲಿ ಬೆಳಕು.
ನಮ್ಮ ಇಲಿ ಟೀವ್ಯಾಗ ಬಂದಿತ್ತು.
ಮಗ್ಗದ ಕುಣಿಯೊಳಗ ಇರೂ ಇಲಿ,
ಹರಕು ನೂಲು ಕದ್ದು ಕದ್ದು
ಚಳಿಗೆ ನಡಗೂ ಚಂದಪ್ಪಗ ಕೌದಿ ಹೊಲಿಯೂ ಇಲಿ.
ಎರಡನೇತ್ತಾದಾಗ ಓದಿದ್ದು.
ರಟ್ಟಿನ ಮ್ಯಾಲಿನ ಅದರ ಮೀಸಿ
ನಾವು ಬೆರಳಿಲೆ ಸವರಿ ಸವರಿ ಅಳಿಸಿಬಿಟ್ಟಿದ್ವಿ.

ಟೀವಿ ಇಲಿಗೆ ಪಕ್ಕೆಲುಬು ಕಾಣತಿದ್ದವು.
ಕಂದೀಲದ ಎಣ್ಣಿ ತೀರಿತ್ತು. ನೇಕಾರ ಮಾತಾಡವಲ್ಲ.
ಗೋಡಿ ಮ್ಯಾಲ ಮೊದಲ ನೆರಳು ಬಂತು,
ಆಮ್ಯಾಲೆ ಬೆಕ್ಕು.
ಪಂಜಾ ಎತ್ತಿತು.
ಇಡೀ ಓಣಿ ಉಸಿರು ಹಿಡದು ಕಾಯ್ತು.

ಬೆಕ್ಕು ಸೀನಲಿಲ್ಲ.

ಮುಂಜಾನೆ ಹುಲಗಪ್ಪನ ಕಟಿಂಗ್ ಅಂಗಡಿಯಾಗ
ಅರ್ಧಾ ಗಡ್ಡದವರೂ ಎದ್ದು ನಿಂತು ಜಗಳಾಡಿದರು.
'ಸೀನು ಇಲ್ಲದ ಅದೆಂಥಾ ಸೀನ್ ತಗದಾರಲೇ?'
ಪೇಂಟರ್ ದಾವಲಸಾಬಗ ಬ್ಯಾರೆ ಸಿಟ್ಟು:
'ಇಲಿ ಗೋದಿ ಬಣ್ಣದ್ದು, ಸಾಲಿ ಗೋಡಿಗೆ ನಾನ ಬರದೇನಿ.
ಇವರು ಬೂದಿ ಬಳದು ಕೂಡಿಸ್ಯಾರ.'
ತಿರಕಪ್ಪಜ್ಜ, ಐವತ್ತು ವರ್ಷ ಲಾಳಿ ಒಗದಾವ,
ಇಲಿ ಸತ್ತದ್ದಕ್ಕ ಏನೂ ಅನ್ನಲಿಲ್ಲ.
'ಹಾಸು ಬಿಗಿ ಇಲ್ಲ,' ಅಂದ. 'ಆ ಮಗ್ಗದಾಗ ಅರಿವಿ ಆಗೂದುಲ್ಲ.'
ಅಂಗನವಾಡಿ ಇಂದುಮತಿ ಮಗನ ಕಣ್ಣು ಮುಚ್ಚಿದ್ದಳಂತ,
ಅವ ಬೆರಳಸಂದ್ಯಾಗ ಎಲ್ಲಾ ನೋಡಿ
ಬೆಳಗಾಗೂತನಕ ಆಕಿ ಸೆರಗು ಬಿಡಲಿಲ್ಲಂತ.

ನನ್ನ ಮೊಮ್ಮಗಳು ಪ್ರಾಪ್ತಿ, ಒಂಬತ್ತು ವರ್ಷದಾಕಿ,
ಹಲ್ಲುಜ್ಜತಾ ಅಂದಳು:
'ಚೊಲೊ ಐತಿ. ಇಲಿ ಖರೇನ ಅಂಜಿತ್ತು.'

ಸವಣೂರಿನ ನೀಲಗಂಗಾಗ ಫೋನ್ ಹಚ್ಚಿದೆ.
'ಯಾವ ಸೀನು?' ಅಂದಳು.
'ನಮ್ಮೂರ ಪುಸ್ತಕದಾಗ ಬೆಕ್ಕು ಸೀನೇ ಇಲ್ಲ.'
'ಮತ್ತ ಏನು ಮಾಡಿತು?'
'ಯಾರಿಗೆ ನೆನಪೈತಿ? ಆ ಪುಟ ಬಂತಂದ್ರ
ನಾ ಜಿಗದು ಮುಂದ ಹೋಗತಿದ್ದೆ.'

ಫೋನ್ ಇಟ್ಟ ಮ್ಯಾಲ ಕೇಳಿಸ್ತು.
ಹಾಕ್ಷೀ!
ಅದು ಬೆಕ್ಕಿನ ಮೂಗಲ್ಲ.
ತುಂಗಾಬಾಯಿ ಅಕ್ಕೋರ ಮೂಗು.
ಬಾಗಿಲ ಕಡೆ ಹೆಡ್ಮಾಸ್ತರ್ ಬಂದಾನೇನಂತ ನೋಡಿ
ಸೊಂಟದ ಡಬ್ಬಿ ತಗದು
ಒಂದು ಚಿಟಿಕಿ ನಶ್ಯ ಏರಿಸಿ
ಪುಸ್ತಕ ಗಡಗಡ ನಡಗೂಹಂಗ ಸೀನತಿದ್ದರು.
ಬೆಕ್ಕು ಓಡತಿತ್ತು.
ನಾವು ಬಿದ್ದು ಬಿದ್ದು ನಗತಿದ್ದಿವಿ.
ಆ ಶ್ರಾವಣದಾಗ ಮೌಲಾಲಿ
ಸಾಲಿಗೆ ಬರೂದು ನಿಂತಿತ್ತು.
ನಮ್ಮ ಬೆಂಚಿನ್ಯಾಗ ಅವನ ಜಾಗಾದಾಗ
ಯಾರೂ ಕೂಡತಿರಲಿಲ್ಲ,
ಪಾಟೀಚೀಲ ಸುದ್ದಾ ಇಡತಿರಲಿಲ್ಲ.

ನಾ ಬೈಂಡಿಂಗ್ ಕೆಲಸದಾಕಿ.
ಸಾಲಿಯವರು ತೂಕಕ್ಕ ಹಾಕಿದ ಪುಸ್ತಕದಾಗ
ಆ ಒಂದನ್ನ ಮುಚ್ಚಿ ತಂದಿದ್ದೆ,
ರಟ್ಟು ಹಾಕೂಣು ಅಂತ. ಹಾಕಿರಲಿಲ್ಲ.
ಇವತ್ತ ತಗದು ಎಣಿಸಿದೆ.
ಇಪ್ಪತ್ತೊಂದು. ಬೆಕ್ಕು ಪಂಜಾ ಎತ್ತೇತಿ.
ಮಗ್ಗಲಕ ಇಪ್ಪತ್ನಾಕು. ಕೌದಿ, ಚಂದಪ್ಪ, ಮುಗೀತು.
ನಡುವಿನ ಹಾಳಿ ದಪ್ಪ. ಮೈದಾ ಅಂಟು.
ನಾಕೂ ಅಂಚಿಗೆ, ಸಂದಿ ಬಿಡದಂಗ,
ಯಾರೋ ಮನಸಿಟ್ಟು ಹಚ್ಚಿದ ಅಂಟು.

ಚಾದ ಕಿಟ್ಲಿ ಉಗಿ ಮ್ಯಾಲ ಹಿಡದೆ.
ಈ ಕೈಗೆ ಅದು ಹೊಸಾದಲ್ಲ,
ಆದರೂ ನಡಗಿತು.
ಪ್ರಾಪ್ತಿ ಒಲಿ ಹಂತ್ಯಾಕ ಬಂದು ನಿಂತಳು.
ಸರ್ ಅಂತ ಬಿಚ್ಚಿಕೊಂತು.

ಮೈದಾ ರುಚಿಗೆ ಬೆಳ್ಳಿಹುಳ ಎಲ್ಲಾ ತಿಂದಿದ್ದವು.
ಅಕ್ಷರಿದ್ದಲ್ಲಿ ಜಾಳಿಗಿ,
ಚಿತ್ರಿದ್ದಲ್ಲಿ ಆ ಕಡೆಯ ಒಲಿ ಕಾಣತಿತ್ತು.
ಕೆಳಗ ಮೂಲ್ಯಾಗ ಒಂದ ಒಂದು ಮಾತು ಉಳದಿತ್ತು:
'ಆಮೇಲೆ'.

ಸತ್ತಿತ್ತೋ, ಉಳದಿತ್ತೋ,
ಟೀವಿಯವರು ಓದಿದ್ದರೋ, ಕಟ್ಟಿದ್ದರೋ.
ಬಟ್ಟಲದಾಗ ಇನ್ನೂ ಬೆಚ್ಚಗಿನ ಅಂಟು ಇತ್ತು.
ಕುಂಚಾ ಅದ್ದಿದೆ, ಕೈ ಅಲ್ಲೇ ನಿಂತಿತು.

'ಬಿಡಬೇ,' ಅಂದಳು ಪ್ರಾಪ್ತಿ,
'ಹಸೀ ಐತಿ. ಮೊದಲ ಒಣಗಲಿ.'